ನೆನಪಿನ ಲೆಡ್ಜರು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲೂ ಒಂದೇ ಕೊರಗು: ಇಂದು ಹೇಳಿಕೊಟ್ಟ ಕನ್ನಡದ ಮಾತು ನಾಳೆ ಮಗುವಿನ ನಾಲಗೆಯ ಮೇಲಿರುವುದಿಲ್ಲ. ಕೇಳಿದ್ದರಲ್ಲಿ ಕೆಲವು ಮಾತ್ರ ಉಳಿಯುವುದೇಕೆ? ವಿಜ್ಞಾನ ಇದಕ್ಕೆ ಕೊಟ್ಟಿರುವ ಉತ್ತರದ ಒಂದು ಭಾಗವನ್ನು, ನಮಗೆ ತಿಳಿದ ಮಟ್ಟಿಗೆ, ತಮ್ಮ ಮುಂದಿಡುತ್ತೇವೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರಾದ್ದರಿಂದ ಉಪಮಾನವೂ ಅಲ್ಲಿನದೇ.

ನಮ್ಮ ಪ್ರತಿಯೊಂದು ನರಕೋಶದ ಕೇಂದ್ರದಲ್ಲೂ ವಂಶವಾಹಿಗಳ ಮೂಲ ಲೆಡ್ಜರು ಇದೆ. ಪ್ರೋಟೀನು ತಯಾರಿಸುವ ವಿಧಾನ ಬರೆದ ಸುಮಾರು ೨೦,೦೦೦ ಪುಟಗಳು ಅದರಲ್ಲಿವೆ. ಲೆಡ್ಜರು ಕೋಣೆ ಬಿಟ್ಟು ಹೊರಬರದು. ಬೇಕಾದ ಪುಟದ ನಕಲು ಮಾತ್ರ ಹೊರಬರುತ್ತದೆ. ಯಾವ ಪುಟವನ್ನು ಯಾವಾಗ ನಕಲು ಮಾಡಬೇಕೆಂದು ಅಪ್ಪಣೆ ಕೊಡುವುದಕ್ಕೂ ಕೆಲವು ಪ್ರೋಟೀನುಗಳಿವೆ.

ಇವುಗಳಲ್ಲಿ ಹೆಸರಾದದ್ದು ‘ಕ್ರೆಬ್’. ನರಕೋಶಕ್ಕೆ ಪ್ರಚೋದನೆ ತಾಗಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕಿಣ್ವಗಳು ಎಚ್ಚೆತ್ತು ಕ್ರೆಬ್‌ನ ಮೇಲೆ ಫಾಸ್ಫೇಟಿನ ಮೊಹರು ಒತ್ತುತ್ತವೆ. ಮೊಹರು ಬಿದ್ದರೆ ನಕಲು ಆರಂಭ. ಮೊದಲು ತೆರೆಯುವ ಪುಟಗಳಲ್ಲಿ ‘ಸಿ-ಫಾಸ್’ ಒಂದು. ಕೆಲವೇ ನಿಮಿಷಗಳಲ್ಲಿ ಅದರ ನಕಲು ಹೊರಡುತ್ತದೆ. ಅದರಿಂದಾದ ಪ್ರೋಟೀನು ತಾನೇ ಮತ್ತೊಬ್ಬ ಅಪ್ಪಣೆಗಾರ. ಅದು ಕೇಂದ್ರಕ್ಕೆ ಮರಳಿ ಬೇರೆ ಪುಟಗಳನ್ನು ತೆರೆಸಿ, ಕೆಲವು ಗಂಟೆಗಳಲ್ಲಿ ಮರೆಯಾಗುತ್ತದೆ. ಹೀಗೆ ಹುಟ್ಟಿದ ಹೊಸ ಪ್ರೋಟೀನುಗಳಿಂದಲೇ ನರಕೋಶಗಳ ನಡುವಿನ ಕೊಂಡಿಗಳು ಬಹುಕಾಲ ಬಲವಾಗಿರುವುದು.

ಅಮೆರಿಕದ ಎರಿಕ್ ಕ್ಯಾಂಡೆಲ್ ಮತ್ತು ಸಂಗಡಿಗರು ಇದನ್ನು ಏಪ್ಲೀಸಿಯ ಎಂಬ ಕಡಲ ಬಸವನಹುಳುವಿನಲ್ಲಿ ಪರೀಕ್ಷಿಸಿದರು. ಅದರ ನರಕೋಶಗಳಿಗೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆ ಕೊಟ್ಟರೆ ಕೊಂಡಿಯ ಬಲ ನಿಮಿಷಗಳಲ್ಲಿ ಇಳಿಯುತ್ತದೆ. ಬಿಡುವು ಕೊಟ್ಟು ಐದು ಸಲ ಕೊಟ್ಟರೆ ಒಂದು ದಿನ ಮೀರಿ ನಿಲ್ಲುತ್ತದೆ. ೧೯೯೦ರಲ್ಲಿ ಅವರು ಕ್ರೆಬ್‌ನ ಕೆಲಸವನ್ನು ತಡೆದು ನೋಡಿದರು. ಅಲ್ಪಕಾಲದ ಬಲ ಹಾಗೆಯೇ ಇತ್ತು. ದೀರ್ಘಕಾಲದ್ದು ಬರಲೇ ಇಲ್ಲ. ಕ್ಯಾಂಡೆಲ್ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ಸಂದಿತು. ಕ್ರೆಬ್ ಕೊರತೆಯ ಇಲಿಗಳು ಕಲಿತದ್ದನ್ನು ಮರುದಿನಕ್ಕೆ ಮರೆಯುತ್ತವೆಂದು ೧೯೯೪ರಲ್ಲಿ ಕಂಡಿತು. ಅಂಥ ಇಲಿಗಳಿಗೂ ಬಿಡುವು ಕೊಟ್ಟು ಕೊಟ್ಟು ಕಲಿಸಿದರೆ ನೆನಪು ನಿಲ್ಲುವುದೆಂದು ೧೯೯೭ರಲ್ಲಿ ತಿಳಿಯಿತು.

ಹುಳುವಿನ ಕೊಂಡಿಯೇ ಬೇರೆ, ಮಗುವಿನ ಮಾತೇ ಬೇರೆ, ನಿಜ. ಆದರೂ ಈ ಲೆಕ್ಕದಿಂದ ನಾವು ಕಲಿಯಬೇಕಾದದ್ದಿದೆ. ನವೆಂಬರಿನಲ್ಲಿ ಒಂದು ದಿನ ಕನ್ನಡದ ಜಯಘೋಷ ಮಾಡಿ, ಉಳಿದ ದಿನ ಮನೆಯಲ್ಲಿ ಮೌನವಾದರೆ, ಮಗುವಿನ ಲೆಡ್ಜರಿನಲ್ಲಿ ಜಮೆಯಾಗುವುದೇನು? ಇಂದು ಊಟದ ಹೊತ್ತಿನಲ್ಲಿ ನಾಲ್ಕು ಮಾತು, ನಾಳೆ ಮಲಗುವಾಗ ಒಂದು ಕಥೆ, ನಾಡಿದ್ದು ಅಜ್ಜಿಗೊಂದು ಕಾಗದ. ಠೇವಣಿ ಸಣ್ಣದಾದರೂ ತಪ್ಪದೆ ಕಟ್ಟೋಣ.