ಭಗಂದರ: ಮಾಯುವುದಷ್ಟೇ ಸಾಲದು



ಭಗಂದರದ ರೋಗಿ ನಮ್ಮ ಬಳಿ ಬರುವ ಹೊತ್ತಿಗೆ ಕುರು ಎಷ್ಟೋ ಸಲ ಒಡೆದು, ಬತ್ತಿ, ಮತ್ತೆ ಕೀವು ಕಟ್ಟಿರುತ್ತದೆ. ಮೂಲವ್ಯಾಧಿಯೆಂದು ನಂಬಿ ಮುಲಾಮು ಹಚ್ಚಿಕೊಂಡು ವರ್ಷ ಕಳೆದವರೂ ಉಂಟು. ಸಂಕೋಚದ ಜಾಗ, ಮನೆಯವರಿಗೂ ಹೇಳಿರುವುದಿಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಮಾತ್ರ ಮುಚ್ಚಿಡುವ ಭಾಗ್ಯವಿರಲಿಲ್ಲ. 1686ರ ನವೆಂಬರಿನಲ್ಲಿ ಫೆಲಿಕ್ಸ್ ಎಂಬ ಶಸ್ತ್ರವೈದ್ಯ ಅವನ ಭಗಂದರದ ನಾಳವನ್ನು ಸೀಳಿ ಗುಣಪಡಿಸಿದ ಮೇಲೆ ಆಸ್ಥಾನದ ಕೆಲವರು, ರೋಗವಿಲ್ಲದಿದ್ದರೂ, ತಮಗೂ ಅದೇ ಆಪರೇಷನ್ ಬೇಕೆಂದರಂತೆ!

ಮೇಲ್ಪದರದ ಸರಳ ನಾಳಕ್ಕೆ ಇಂದಿಗೂ ಅದೇ ದಾರಿ: ಉದ್ದಕ್ಕೂ ಸೀಳಿ, ತಳದಿಂದ ಮಾಯಲು ಬಿಡುವುದು. ನಾಳವು ಸ್ಫಿಂಕ್ಟರ್ ಸ್ನಾಯುವನ್ನು ಎತ್ತರದಲ್ಲಿ ದಾಟಿದ್ದರೆ ತೊಡಕು ಶುರು. ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ 1976ರಲ್ಲಿ ಭಗಂದರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಈ ಸ್ನಾಯುವನ್ನು ಗುರುತಾಗಿಟ್ಟುಕೊಂಡೇ. ಕತ್ತರಿಸಿದ ಸ್ನಾಯು ಮೊದಲಿನಂತಾಗದು. ಆದ್ದರಿಂದಲೇ ಥಾಯ್ಲೆಂಡಿನ ರೋಜನಸಕುಲ್ 2007ರಲ್ಲಿ ಎರಡು ಸ್ನಾಯುಗಳ ನಡುವೆ ನಾಳವನ್ನು ಕಟ್ಟಿ ತುಂಡರಿಸುವ ಲಿಫ್ಟ್ ವಿಧಾನ ತಂದರು. ಫ್ಲ್ಯಾಪ್, ಪ್ಲಗ್, ಅಂಟು, ಲೇಸರ್, ಕ್ಯಾಮೆರಾ, ಎಲ್ಲವೂ ಸ್ನಾಯು ಉಳಿಸುವ ಪ್ರಯತ್ನಗಳೇ. ಲೇಸರಿನ ಜಾಹೀರಾತು ನೋಡಿದರೆ ಮರುಕಳಿಕೆಯೇ ಇಲ್ಲವೇನೋ ಅನ್ನಿಸುತ್ತದೆ, ಇದೆ.

ಕ್ಷಾರಸೂತ್ರದ ಬಗ್ಗೆ ತುಸು ನಿಂತು ಹೇಳಬೇಕು. ಸುಶ್ರುತ ಹೇಳಿದ್ದ ಈ ವಿಧಾನವನ್ನು ಕಳೆದ ಶತಮಾನದಲ್ಲಿ ಮತ್ತೆ ರೂಢಿಗೆ ತಂದದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು. ಲಿನನ್ ದಾರಕ್ಕೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಸೇರಿ ಒಟ್ಟು 21 ಲೇಪ. ನಾಳದಲ್ಲಿ ಪೋಣಿಸಿ ಕಟ್ಟಿದ ಮೇಲೆ ವಾರಕ್ಕೊಮ್ಮೆ ದಾರ ಬದಲಾವಣೆ. ಕೊಯ್ಯುವುದೂ ಮಾಯುವುದೂ ಒಟ್ಟಿಗೇ ಸಾಗುತ್ತವೆ. ಐಸಿಎಂಆರ್‌ನ ಬಹುಕೇಂದ್ರ ಅಧ್ಯಯನ 1991ರಲ್ಲಿ ಪ್ರಕಟವಾಯಿತು: ಮಾಯಲು ದಾರಕ್ಕೆ ಸುಮಾರು 8 ವಾರ, ಶಸ್ತ್ರಚಿಕಿತ್ಸೆಗೆ 4, ಮರುಕಳಿಕೆ ಮಾತ್ರ ದಾರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11. ಅಲೋಪತಿಯ ಮಿತ್ರರು ಈ ಅಂಕಿಯನ್ನು ಬದಿಗೆ ಸರಿಸುವಂತಿಲ್ಲ. ದಾರವೂ ಕೊನೆಗೆ ಸ್ನಾಯುವನ್ನೇ ಕೊಯ್ಯುತ್ತದೆ, ನಿಧಾನವಾಗಿ ಅಷ್ಟೇ. ಆಯುರ್ವೇದದ ಮಿತ್ರರೂ ಇದನ್ನು ಮರೆಯುವಂತಿಲ್ಲ.

ನಾವೆಲ್ಲ ಮರುಕಳಿಕೆಯ ಲೆಕ್ಕ ಚೆನ್ನಾಗಿಡುತ್ತೇವೆ. ಆದರೆ ಸ್ನಾಯುವಿನ ಹಿಡಿತ ಉಳಿದಿದೆಯೇ, ವಾಯು ತಡೆಯಲಾಗುತ್ತಿದೆಯೇ, ಒಳಉಡುಪು ಕೊಳೆಯಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ಕೇಳದಿದ್ದರೆ ರೋಗಿ ತಾನಾಗಿ ಹೇಳುವುದಿಲ್ಲ. ಈ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವವರು ಯಾವ ವಿಧಾನದ ಪರವೇ ಇರಲಿ, ಈ ಉತ್ತರವನ್ನೂ ಮುಂದಿಡಬೇಕು. ಚಿಕಿತ್ಸೆಗೆ ಮುಂಚಿನದನ್ನೂ, ನಂತರದ್ದನ್ನೂ. ಹೆಂಗಸರಲ್ಲಿ ಮುಂಭಾಗದ ಸ್ನಾಯು ಮೊದಲೇ ಗಿಡ್ಡ, ಹೆರಿಗೆಯಲ್ಲಿ ಹರಿದಿರಲೂಬಹುದು. ಅಲ್ಲಿ ಬ್ಲೇಡು ಎತ್ತುವ ಮುನ್ನ ಎಂಆರ್‌ಐ ನೋಡಿದ್ದೆವೇ, ಹೆರಿಗೆಗಳ ವಿವರ ಕೇಳಿದ್ದೆವೇ ಎಂಬುದೂ ಕೇಸ್ ಶೀಟಿನಲ್ಲಿರಲಿ.