ಬೇಸಗೆಯ ತೋಟದಲ್ಲಿ ಜಿರೇನಿಯಂ
(ಕೆಂಗೇರಿ ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಉಪನ್ಯಾಸ)



ಜಿರೇನಿಯಂ ಎಂಬ ಒಂದೇ ಹೆಸರಿನಿಂದ ಎರಡು ಬಗೆಯ ಗಿಡಗಳು ಕರೆಯಲ್ಪಡುತ್ತವೆ. ಚಳಿದೇಶಗಳಲ್ಲಿ ಹಿಮವನ್ನು ಸಹಿಸಿ, ವಸಂತಕಾಲದಲ್ಲಿ ಬುಡದಿಂದ ಮರಳಿ ಚಿಗುರುವುದು ಒಂದು ಬಗೆ. ಬೆಂಗಳೂರಿನ ಮನೆಗಳ ಕುಂಡಗಳಲ್ಲಿ ಕೆಂಪು, ಬಿಳಿ ಹೂಗಳನ್ನು ಗೊಂಚಲಾಗಿ ಬಿಡುವ ಗಿಡವೂ, ಎಲೆಯನ್ನು ಉಜ್ಜಿದರೆ ಗುಲಾಬಿಯ ಕಂಪನ್ನು ಕೊಡುವ ಗಿಡವೂ ಮತ್ತೊಂದು ಬಗೆಗೆ ಸೇರಿದವು. ಇವುಗಳ ತವರು ದಕ್ಷಿಣ ಆಫ್ರಿಕ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞನಾದ ಲೆರಿಟಿಯೆ ಎಂಬಾತನು 1789ರಲ್ಲಿ ಇವನ್ನು ಪೆಲಾರ್ಗೋನಿಯಂ ಎಂಬ ಬೇರೆ ಕುಲಕ್ಕೆ ಸೇರಿಸಿದನು. ಆದರೂ ಹಳೆಯ ಹೆಸರೇ ರೂಢಿಯಲ್ಲುಳಿಯಿತು. ಮೊದಲನೆಯ ಬಗೆಗೆ ಬೇಕಾದ ಕೊರೆಯುವ ಚಳಿಗಾಲವು ಈ ಸೀಮೆಯಲ್ಲಿಲ್ಲ. ಆದಕಾರಣ ಇಲ್ಲಿಗೆ ಎರಡನೆಯದೇ ತಕ್ಕದ್ದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಬಿಸಿಲಿನ ಬಾಧೆ ಇಲ್ಲದಿಲ್ಲ. 2016ರ ಏಪ್ರಿಲಿನಲ್ಲಿ ತಾಪವು 39 ಡಿಗ್ರಿಯನ್ನು ಮೀರಿತು. ಮಧ್ಯಾಹ್ನ ಎಲೆ ಬಾಡಿದುದನ್ನು ಕಂಡೊಡನೆ ನೀರು ಕಟ್ಟುವುದು ಅನೇಕರ ವಾಡಿಕೆ. ಆದರೆ ಈ ಗಿಡವು ಬಿಸಿಲಿಗಿಂತ ಹೆಚ್ಚಾಗಿ ಬುಡದಲ್ಲಿ ನಿಂತ ನೀರಿನಿಂದಲೇ ಸಾಯುತ್ತದೆ. ಅದರ ದಪ್ಪನಾದ ಕಾಂಡವು ನೀರನ್ನು ತಕ್ಕಮಟ್ಟಿಗೆ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಮಣ್ಣು ಸದಾ ತೊಯ್ದಿದ್ದರೆ ಬೇರು ಕೊಳೆತು, ಕಾಂಡವು ಬುಡದಿಂದ ಕಪ್ಪಾಗುತ್ತದೆ. ಹಾಗಾದ ಗಿಡವನ್ನು ಕಿತ್ತು ಸುಡತಕ್ಕದ್ದು.

ಸಂಜೆಗೆ ಎಲೆ ತಾನಾಗಿ ಚೇತರಿಸಿಕೊಂಡರೆ ನೀರಿನ ಕೊರತೆಯಿಲ್ಲವೆಂದು ತಿಳಿಯಬೇಕು. ಬೆರಳನ್ನು 2 ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ಬುಡಕ್ಕೆ ನೀರು ಕೊಡತಕ್ಕದ್ದು. ಕುಂಡದ ತಳದ ತೂತು ಮುಚ್ಚಿಹೋಗದಂತೆ ಹೆಂಚಿನ ಚೂರನ್ನಿಡುವುದು ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕುಂಡಗಳಿಗೆ ಬೆಳಗಿನ ಬಿಸಿಲು ತಾಗಿ, ಮಧ್ಯಾಹ್ನದ ಮೇಲೆ ನೆರಳು ದೊರೆಯಬೇಕು. ಭರಣಿ, ಕೃತ್ತಿಕೆ ಮಳೆಗಳು ಬಿರುಸಾಗಿ ಬೀಳುವುದುಂಟಾದ್ದರಿಂದ, ಹೊಲದಲ್ಲಿ ಏರುಮಡಿ ಮಾಡಿ ನೀರು ಹರಿದುಹೋಗಲು ಕಾಲುವೆಯನ್ನು ಮೊದಲೇ ತೆಗೆದಿರಬೇಕು.

ವೃಷಭಾವತಿಯ ನೀರನ್ನು ಈ ತೋಟಕ್ಕೆ ಹಾಯಿಸತಕ್ಕದ್ದಲ್ಲ. ಆ ಹೊಳೆಯು ಪಟ್ಟಣದ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಕೆಂಗೇರಿಯ ಮೇಲೆ ಹಾಯ್ದು ಹೋಗುತ್ತದೆ. ಶುದ್ಧವಾದ ಬಾವಿಯ ನೀರು ಸ್ವಲ್ಪವಿದ್ದರೂ ಸಾಕು.

ಗಿಡವನ್ನು ಕಡ್ಡಿಯಿಂದ ಬೆಳೆಸಬೇಕು. ಮಳೆಗಾಲ ಹಿಂದಾದ ಮೇಲೆ ಆರೋಗ್ಯವಾದ ತುದಿಗಳನ್ನು 4ರಿಂದ 6 ಅಂಗುಲ ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿನ ಕೆಳಗೆ ನೆಡತಕ್ಕದ್ದು. ಸುಮಾರು ಎರಡು ತಿಂಗಳಲ್ಲಿ ಅವು ನಾಟಿಗೆ ಸಿದ್ಧವಾಗುತ್ತವೆ. ಚಳಿಗಾಲದಲ್ಲಿ ಬೇರೂರಿದ ಗಿಡವು ಬೇಸಗೆಯನ್ನು ತಾಳುತ್ತದೆ. ಬೇಸಗೆಯಲ್ಲಿಯೇ ನೆಟ್ಟದ್ದು ತಾಳುವುದು ಕಷ್ಟ.

ಎಣ್ಣೆಗಾಗಿ ಬೆಳೆಯಬಯಸುವವರು ಲೆಕ್ಕವನ್ನು ಮೊದಲು ನೋಡಬೇಕು. ಸಾಬೂನಿಗೂ ಅತ್ತರಿಗೂ ಬಳಸುವ ಈ ಎಣ್ಣೆಯು 100 ಕಿಲೋ ಹಸಿ ಸೊಪ್ಪಿನಿಂದ ಸಾಮಾನ್ಯವಾಗಿ 100ರಿಂದ 200 ಗ್ರಾಂ ಮಾತ್ರ ಇಳಿಯುತ್ತದೆ. ಸೊಪ್ಪನ್ನು ಕೊಯ್ದು ಬಹಳ ದಿನ ಇಡುವಂತಿಲ್ಲ. ಹತ್ತಿರದಲ್ಲಿ ಬಟ್ಟಿ ಇಳಿಸುವ ಯಂತ್ರವೂ, ಕೊಳ್ಳುವವನೂ ಗೊತ್ತಾಗದೆ ಎಕರೆಗಟ್ಟಲೆ ನೆಟ್ಟವನ ಸೊಪ್ಪು ಹೊಲದಲ್ಲಿಯೇ ಗೊಬ್ಬರವಾದೀತು. ಒಬ್ಬ ಸಣ್ಣ ಹಿಡುವಳಿದಾರನಿಗೆ ಯಂತ್ರದ ಖರ್ಚು ಹೊರೆ. ಆದುದರಿಂದ ಮುಖಂಡರು ಹತ್ತಾರು ಮನೆಯವರನ್ನು ಒಂದೆಡೆ ಸೇರಿಸಿ, ಯಂತ್ರವನ್ನು ಯಾರ ಹಣದಿಂದ ತರುವುದು, ಯಾರ ಸರದಿ ಯಾವಾಗ, ಎಣ್ಣೆ ಯಾರಿಗೆ ಎಂಬುದನ್ನು ನಾಟಿಗೆ ಮುಂಚೆಯೇ ಬರವಣಿಗೆಯಲ್ಲಿ ಇಡಿಸತಕ್ಕದ್ದು. ತಳಿಗಳ ವಿಷಯದಲ್ಲಿ, ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರವನ್ನು ವಿಚಾರಿಸಬಹುದು.

ಅಷ್ಟು ಏರ್ಪಾಡು ಆಗದಿದ್ದಲ್ಲಿ ಕುಂಡದ ಗಿಡಗಳೇ ಕ್ಷೇಮ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳು ಸಮೀಪದಲ್ಲಿಯೇ ಇವೆ; ಅಂಗಳವಿಲ್ಲದವರೂ ಮಹಡಿಯ ಮೇಲೆ ಕುಂಡಗಳನ್ನಿಡುತ್ತಾರೆ.

ಯಾವ ದಾರಿಯನ್ನು ಹಿಡಿದರೂ ಮೊದಲ ವರ್ಷ ಒಂದು ಗುಂಟೆಗೆ ಮೀರಬಾರದು. 2 ಅಡಿ ಅಂತರದಲ್ಲಿ ಅಷ್ಟು ನೆಲಕ್ಕೆ ಸುಮಾರು 270 ಗಿಡಗಳು ಹಿಡಿಯುತ್ತವೆ. ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ಕಳೆದು ಎಷ್ಟು ಗಿಡ ಉಳಿದವೆಂದು ಎಣಿಸಿದರೆ, ತನ್ನ ಮಣ್ಣು ಈ ಬೆಳೆಗೆ ಒಗ್ಗುವುದೋ ಇಲ್ಲವೋ ಎಂಬುದು ಹಿಡುವಳಿದಾರನಿಗೆ ಅಲ್ಪ ಖರ್ಚಿನಲ್ಲಿಯೇ ತಿಳಿದುಬರುತ್ತದೆ.