ಹಗುರ ಕಾರು, ಭಾರಿ ಹುಚ್ಚು: ಮಿಯಾಟಾ ಮಾಲೀಕರು ಯಾಕೆ ಹೀಗೆ?

ಬಸ್ಸಲ್ಲಿ, ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ ಒಂದು ವಿಶೇಷ ನಮಸ್ಕಾರ, ಯಾಕಂದ್ರೆ ಇವತ್ತಿನ ಮಾತು ಕಾರಿನ ಬಗ್ಗೆ. ಅದೂ ನಮ್ಮ ದೇಶದಲ್ಲಿ ಶೋರೂಮಿಗೆ ಹೋಗಿ ಕೊಳ್ಳೋಕೇ ಆಗದ ಒಂದು ಕಾರಿನ ಬಗ್ಗೆ. ಹಾಗಾಗಿ ಈ ಎಪಿಸೋಡ್ ಕೇಳಿ ಯಾರೂ ಲೋನ್ ಅಪ್ಲಿಕೇಶನ್ ಹಾಕಲ್ಲ ಅನ್ನೋ ಧೈರ್ಯ ನನಗಿದೆ.

ಮಜ್ದಾ ಅಂದ್ರೆ ನಮ್ಮ ಕಡೆ ನೆನಪಾಗೋದು ಸ್ವರಾಜ್ ಮಜ್ದಾ. ಸ್ಕೂಲ್ ಮಕ್ಕಳನ್ನ ತುಂಬಿಕೊಂಡು ಹೋಗ್ತಿದ್ದ ಮಿನಿಬಸ್, ಮದುವೆ ದಿಬ್ಬಣದ ವ್ಯಾನ್, ತರಕಾರಿ ಸಾಗಿಸೋ ಲಾರಿ. ಆ ಹೆಸರಿನ ಅರ್ಧ ಭಾಗ ಜಪಾನಿನ ಹಿರೋಷಿಮಾದ ಕಂಪನಿಯದ್ದು. ಅದೇ ಕಂಪನಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರನ್ನೂ ಮಾಡಿದೆ. ಗಿನ್ನೆಸ್ ದಾಖಲೆ ಅದು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಫ್ಯಾಕ್ಟರಿಯಿಂದ ಹೊರಗೆ ಬಂತು. ಯುರೋಪಿನಲ್ಲಿ ಇದರ ಹೆಸರು ಎಂಎಕ್ಸ್-5, ಜಪಾನಿನಲ್ಲಿ ರೋಡ್‌ಸ್ಟರ್, ಅಮೆರಿಕದಲ್ಲಿ ಮಿಯಾಟಾ. ನಾನು ಮಿಯಾಟಾ ಅಂತಲೇ ಕರೀತೀನಿ, ಬಾಯಿಗೆ ಚೆನ್ನಾಗಿದೆ.

ಮೊದಲು ನಂಬರ್ ನೋಡಿಬಿಡೋಣ. 1989ರಲ್ಲಿ ಷಿಕಾಗೋ ಆಟೋ ಶೋನಲ್ಲಿ ಬಂದ ಮೊದಲ ಮಿಯಾಟಾದ ಎಂಜಿನ್ 1.6 ಲೀಟರ್, ಪವರ್ ಸುಮಾರು 115 ಎಚ್‌ಪಿ. ಇವತ್ತು ನಮ್ಮ ಬೀದಿಯಲ್ಲಿ ನಿಂತಿರೋ ಕ್ರೆಟಾದ 1.5 ಲೀಟರ್ ಪೆಟ್ರೋಲ್ ಎಂಜಿನ್ನೂ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತೆ. ಡಿಕ್ಕಿಯಲ್ಲಿ ಎರಡು ಬ್ಯಾಗ್ ಇಟ್ಟರೆ ಮುಗೀತು. ಹಿಂದೆ ಸೀಟ್ ಇಲ್ಲ. ಎತ್ತರ ಎಷ್ಟು ಕಡಿಮೆ ಅಂದ್ರೆ ಪಕ್ಕದಲ್ಲಿ ಲಾರಿ ನಿಂತರೆ ನಿಮ್ಮ ಮುಖದ ಎದುರಿಗೆ ಅದರ ಚಕ್ರ. ಸ್ಪೆಕ್ ಶೀಟ್ ನೋಡಿ ಕಾರ್ ಆರಿಸೋರಾದರೆ ಇದನ್ನ ಮೊದಲ ರೌಂಡ್‌ನಲ್ಲೇ ತೆಗೆದುಹಾಕ್ತೀರ.

ಆದ್ರೆ ಒಂದು ನಂಬರ್ ಬಾಕಿ ಇದೆ. ತೂಕ. ಒಂದು ಸಾವಿರ ಕೆಜಿಗಿಂತ ಕಡಿಮೆ. ಅಷ್ಟೇ ಅಲ್ಲ, ಆ ತೂಕ ಮುಂದಿನ ಚಕ್ರಗಳ ಮೇಲೆ ಅರ್ಧ, ಹಿಂದಿನ ಚಕ್ರಗಳ ಮೇಲೆ ಅರ್ಧ ಹಂಚಿಕೆಯಾಗಿದೆ. ಎಂಜಿನ್ ಮುಂದೆ, ಓಡಿಸೋ ಶಕ್ತಿ ಹಿಂದಿನ ಚಕ್ರಕ್ಕೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಕಾರು ಯೋಚನೆ ಮಾಡ್ತಾ ಕೂರಲ್ಲ, ತಿರುಗಿಬಿಡುತ್ತೆ. ಮಜ್ದಾದವರು ಇದಕ್ಕೆ ಜಿನ್ಬಾ ಇತ್ತಾಯ್ ಅನ್ನೋ ಜಪಾನಿ ಮಾತು ಬಳಸ್ತಾರೆ. ಸವಾರ ಬೇರೆ, ಕುದುರೆ ಬೇರೆ ಅಂತ ಅನ್ನಿಸಬಾರದು ಅನ್ನೋದು ಅದರ ಅರ್ಥ.

ಈ ಕಾರು ಹುಟ್ಟಿದ ಕಥೆ ಚೆನ್ನಾಗಿದೆ. ಬಾಬ್ ಹಾಲ್ ಅಂತ ಅಮೆರಿಕದ ಒಬ್ಬ ಆಟೋಮೊಬೈಲ್ ಪತ್ರಕರ್ತ. 1979ರಲ್ಲಿ ಮಜ್ದಾದ ದೊಡ್ಡ ಎಂಜಿನಿಯರ್ ಕೆನಿಚಿ ಯಮಮೊಟೊ ಅವರನ್ನ ಭೇಟಿ ಮಾಡಿದಾಗ, ನೀವು ಮುಂದೆ ಏನು ಮಾಡಬೇಕು ಅನ್ನೋ ಮಾತು ಬಂತು. ಹಳೇ ಬ್ರಿಟಿಷ್ ಕಾರುಗಳ ಥರ ಸಿಂಪಲ್ಲಾದ, ಕಡಿಮೆ ಬೆಲೆಯ, ಗಾಳಿ ಮುಖಕ್ಕೆ ಹೊಡೆಯೋ ಎರಡು ಸೀಟಿನ ಕಾರ್ ಮಾಡಿ ಅಂದ್ರು ಹಾಲ್. ಆಗ ಬ್ರಿಟನ್ನಿನ ಆ ಥರದ ಕಾರುಗಳ ಕಾಲ ಮುಗೀತಾ ಬಂದಿತ್ತು. 1962ರ ಲೋಟಸ್ ಎಲಾನ್ ಓಡಿಸೋಕೆ ಅದ್ಭುತ ಅಂತ ಎಲ್ಲರೂ ಒಪ್ಪುತ್ತಿದ್ದರು, ಆದ್ರೆ ಆ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅಂದ್ರೆ ಆಯಿಲ್ ಲೀಕ್, ಕೈಕೊಡೋ ವೈರಿಂಗ್ ಅನ್ನೋ ಹೆಸರೂ ಜೊತೆಗಿತ್ತು. ಎಂಜಿಬಿ 1980ರಲ್ಲಿ ನಿಂತೇ ಹೋಯ್ತು. ಸುಮ್ಮನೆ ಸಲಹೆ ಕೊಟ್ಟ ಹಾಲ್ ಅವರನ್ನೇ ಮುಂದೆ ಮಜ್ದಾ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ತಗೊಂಡಿತು. ಕಂಪನಿಯೊಳಗೇ ಸ್ಪರ್ಧೆ ನಡೀತು. ಜಪಾನಿನ ತಂಡದ ಐಡಿಯಾ ಬೇರೆ, ಕ್ಯಾಲಿಫೋರ್ನಿಯಾ ತಂಡದ ಐಡಿಯಾ ಬೇರೆ. ಗೆದ್ದಿದ್ದು ಕ್ಯಾಲಿಫೋರ್ನಿಯಾ. ತೋಶಿಹಿಕೊ ಹಿರಾಯ್ ಅವರ ಮೇಲ್ವಿಚಾರಣೆಯಲ್ಲಿ ಕಾರು ತಯಾರಾಯ್ತು. ಅಮೆರಿಕದಲ್ಲಿ ಬೆಲೆ 13,800 ಡಾಲರ್ ಇಟ್ರು. ಡೀಲರ್‌ಗಳು ಅದರ ಮೇಲೆ ಎಕ್ಸ್‌ಟ್ರಾ ಕೇಳಿದರೂ ಜನ ಕೊಟ್ಟು ತಗೊಂಡು ಹೋದ್ರು.

ಇಲ್ಲಿವರೆಗೆ ಕಂಪನಿಯ ಕಥೆ. ನನಗೆ ನಿಜವಾಗಿ ಕುತೂಹಲ ಇರೋದು ಮಾಲೀಕರ ಮೇಲೆ.

ನಮ್ಮ ಕಾಲೇಜಿನ ಸೀನಿಯರ್ ಒಬ್ಬರು, ದಾವಣಗೆರೆಯವರು, ಇಂಗ್ಲೆಂಡಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾರೆ. ನಾನು ಅಕ್ಕ ಅಂತಲೇ ಕರೆಯೋದು. ಅಲ್ಲಿಗೆ ಹೋದ ಮೂರನೇ ವರ್ಷ ಹಳೇ ಎಂಎಕ್ಸ್-5 ಕೊಂಡ್ರು, ಎರಡನೇ ತಲೆಮಾರಿನದ್ದು. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅವರಮ್ಮ ಕೇಳಿದ ಮೊದಲ ಪ್ರಶ್ನೆ, "ಇಬ್ಬರೇ ಕೂರೋದಾ? ನಾನೂ ನಿಮ್ಮಪ್ಪನೂ ಬಂದ್ರೆ ಎಲ್ಲಿ ಕೂರಿಸ್ತೀಯವ್ವಾ?" ಎರಡನೇ ಪ್ರಶ್ನೆ, "ಮೇಲೆ ಬಟ್ಟೆನಾ?"

ಆಫೀಸಿನಲ್ಲಿ ಇನ್ನೊಂದು ಥರದ ತಮಾಷೆ. ಬ್ರಿಟನ್ನಿನಲ್ಲಿ ಇದಕ್ಕೆ "ಹೇರ್‌ಡ್ರೆಸ್ಸರ್ ಕಾರ್" ಅಂತ ಅಡ್ಡಹೆಸರು. ಗಂಡಸರು ಓಡಿಸೋದಲ್ಲ ಅನ್ನೋ ವ್ಯಂಗ್ಯ ಅದರಲ್ಲಿದೆ. ಇದೇ ಕಾರಿಗೆ ಅಮೆರಿಕದಲ್ಲಿ ಸ್ಪೆಕ್ ಮಿಯಾಟಾ ಅಂತ ಪ್ರತ್ಯೇಕ ರೇಸ್ ವಿಭಾಗವೇ ಇದೆ. ಎಲ್ಲರದ್ದೂ ಹತ್ತಿರ ಹತ್ತಿರ ಒಂದೇ ಥರದ ಕಾರ್, ದುಡ್ಡಿನಿಂದ ಪವರ್ ಕೊಂಡು ಗೆಲ್ಲೋಕೆ ಜಾಗ ಕಮ್ಮಿ, ಓಡಿಸೋನ ಕೈಚಳಕಕ್ಕೆ ಬೆಲೆ. ಅಡ್ಡಹೆಸರು ಇಟ್ಟವರನ್ನ ಒಂದು ಸಲ ಅಲ್ಲಿ ಕೂರಿಸಬೇಕು.

ಅಕ್ಕನಿಗೆ ನಾನು ನೇರವಾಗಿ ಕೇಳಿದೆ, ಇದಕ್ಕಿಂತ ಪವರ್ ಇರೋ ಸೆಕೆಂಡ್ ಹ್ಯಾಂಡ್ ಕಾರು ಇದೇ ದುಡ್ಡಿಗೆ ಸಿಗ್ತಿತ್ತಲ್ಲ? ಅವರ ಉತ್ತರ ಕೇಳಿ ನನಗೆ ಬಿಕಾಂ ಎರಡನೇ ವರ್ಷದ ಕಾಸ್ಟಿಂಗ್ ಕ್ಲಾಸ್ ನೆನಪಾಯ್ತು. ಐಡಲ್ ಕೆಪ್ಯಾಸಿಟಿ ಅಂತ ಓದಿದ್ವಲ್ಲ. ನೂರು ಯೂನಿಟ್ ಮಾಡೋ ಮೆಷಿನ್ ತಂದು ಮೂವತ್ತು ಯೂನಿಟ್ ಮಾಡಿದರೆ ಮಿಕ್ಕ ಎಪ್ಪತ್ತರ ಖರ್ಚು ನಿಮ್ಮ ತಲೆ ಮೇಲೆ. 400 ಎಚ್‌ಪಿ ಕಾರಿನ ಕಥೆ ಅದೇ. ಅವರ ದೇಶದಲ್ಲಿ ಮೋಟಾರ್‌ವೇ ಮಿತಿ ಗಂಟೆಗೆ 70 ಮೈಲಿ, ನಮ್ಮ ಲೆಕ್ಕದಲ್ಲಿ 112 ಕಿಲೋಮೀಟರ್. ಅಷ್ಟು ಪವರ್ ಇಟ್ಕೊಂಡು ಅದನ್ನ ಬಳಸಬೇಕು ಅಂದ್ರೆ ಒಂದೋ ರೇಸ್ ಟ್ರ್ಯಾಕ್ ಬೇಕು, ಇಲ್ಲಾ ಪೊಲೀಸರ ಕೈಗೆ ಸಿಗಬೇಕು. ಮಿಯಾಟಾದಲ್ಲಿ ಹಾಗಲ್ಲ. ಹಳ್ಳಿ ರಸ್ತೆಯಲ್ಲಿ ಅರವತ್ತು, ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಗೇರ್ ಬದಲಾಯಿಸ್ತಾ, ಪೆಡಲ್ ಪೂರ್ತಿ ಒತ್ತಿ, ಕೊಟ್ಟ ದುಡ್ಡಿಗೆ ಬಂದದ್ದನ್ನೆಲ್ಲ ಬಳಸಬಹುದು. ಹುಡ್ ತೆಗೆದರೆ ಆ ವೇಗವೇ ಎರಡರಷ್ಟು ಅನ್ನಿಸುತ್ತೆ. ಸಂಜೆ ಕೆಲಸ ಮುಗಿಸಿ ಹೊರಟರೆ ಕೊಯ್ದ ಹುಲ್ಲಿನ ವಾಸನೆ ಒಂದು ಕಡೆ ಬರುತ್ತೆ, ಮುಂದೆ ಹೋದರೆ ಯಾರದೋ ಮನೆಯ ಅಡುಗೆ ವಾಸನೆ.

ಹುಡ್ ತೆಗೆಯೋಕೂ ಮೋಟಾರ್ ಇಲ್ಲ. ಎರಡು ಕ್ಲಿಪ್ ಬಿಚ್ಚಿ, ಸೀಟಿನಲ್ಲಿ ಕೂತಲ್ಲೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳೋದು. ಮೋಟಾರ್ ಇಟ್ಟರೆ ತೂಕ ಜಾಸ್ತಿ, ಬೆಲೆ ಜಾಸ್ತಿ, ಕೆಡೋಕೆ ಇನ್ನೊಂದು ವಸ್ತು.

ಮಾಲೀಕರ ಸಣ್ಣ ಸಣ್ಣ ಹುಚ್ಚುಗಳೂ ಇವೆ. ಎದುರಿಗೆ ಇನ್ನೊಂದು ಮಿಯಾಟಾ ಬಂದ್ರೆ ಕೈ ಎತ್ತೋದು. 1997ರವರೆಗಿನ ಮೊದಲ ತಲೆಮಾರಿಗೆ ಕಪ್ಪೆಕಣ್ಣಿನ ಹಾಗೆ ಮೇಲೆ ಏಳೋ ಹೆಡ್‌ಲೈಟ್ ಇದ್ವು. ಅದಕ್ಕೆ ಬೇರೆ ಸ್ವಿಚ್ ಕೂರಿಸಿ ಒಂದೇ ಲೈಟ್ ಏಳೋ ಹಾಗೆ ಮಾಡಿ ಎದುರಿನ ಕಾರಿಗೆ ಕಣ್ಣು ಹೊಡೀತಾರೆ. ನೆದರ್‌ಲ್ಯಾಂಡ್ಸಿನ ಲೇಲಿಸ್ಟಾಡ್‌ನಲ್ಲಿ 2013ರಲ್ಲಿ 683 ಕಾರುಗಳು ಸಾಲಾಗಿ ಓಡಿ ಆಗಿನ ದಾಖಲೆ ಮಾಡಿದವು. ಇವರ ಜೊತೆ ಮಾತಾಡೋದು ಕೆಲವು ಸಲ ಕಷ್ಟ, ಅದನ್ನೂ ಹೇಳಿಬಿಡ್ತೀನಿ. ಮನೆ ಸಾಮಾನು ಸಾಗಿಸೋಕೆ ಯಾವ ಕಾರ್ ತಗೊಳ್ಳಲಿ ಅಂತ ಕೇಳಿ, ಮಿಯಾಟಾ ಅಂತಾರೆ. ಮೂರು ಮಕ್ಕಳಿದ್ದಾರೆ ಅನ್ನಿ, ಮಿಯಾಟಾ ಅಂತಾರೆ. ಇಂಟರ್ನೆಟ್ಟಿನಲ್ಲಿ ಇದೇ ಒಂದು ಹಳೇ ಜೋಕ್.

ಈಗ ಕಹಿ ವಿಷಯಕ್ಕೆ ಬರ್ತೀನಿ. ತುಕ್ಕು.

ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರೋ ಸಣ್ಣ ಕೊಳವೆಗಳಲ್ಲಿ ಇಳಿದು ಕೆಳಗೆ ಹೋಗಬೇಕು. ಎಲೆ, ಮಣ್ಣು ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತೆ. ಬಾಗಿಲಿನ ಕೆಳಗೆ ಉದ್ದಕ್ಕೂ ಪೆಟ್ಟಿಗೆ ಥರ ಇರುತ್ತಲ್ಲ, ಅದು ಸಿಲ್. ತಲೆ ಮೇಲೆ ಕಬ್ಬಿಣದ ಚಾವಣಿ ಇಲ್ಲದ ಕಾರಿಗೆ ಬಲ ಕೊಡೋದೇ ಆ ಭಾಗ. ಮೇಲಿಂದ ಚಳಿಗಾಲದಲ್ಲಿ ಐಸ್ ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ. ಒಳಗಿಂದ ನೀರು, ಹೊರಗಿಂದ ಉಪ್ಪು. ಬಣ್ಣ ಫಳಫಳ ಹೊಳೀತಾ ಇರುತ್ತೆ, ಒಳಗೆ ಬಿಸ್ಕತ್ತಿನ ಹಾಗೆ ಪುಡಿಪುಡಿ.

ಬ್ರಿಟನ್ನಿನಲ್ಲಿ ಹಳೇ ಕಾರುಗಳಿಗೆ ವರ್ಷಕ್ಕೊಮ್ಮೆ ಎಂಒಟಿ ಅಂತ ಪರೀಕ್ಷೆ. ನಮ್ಮ ಎಫ್‌ಸಿ ಇದ್ದ ಹಾಗೆ, ಆದ್ರೆ ಅಲ್ಲಿ ಕಾರನ್ನ ಮೇಲೆ ಎತ್ತಿ ಅಡಿಭಾಗ ನೋಡ್ತಾರೆ. ಸಿಲ್ ತೂತಾಗಿದ್ರೆ ಫೇಲ್. ಅಕ್ಕನ ಕಾರು ಫೇಲ್ ಆಯ್ತು. ಎರಡೂ ಬದಿ. ಗ್ಯಾರೇಜಿನವನು ಕೊಟ್ಟ ವೆಲ್ಡಿಂಗ್ ಎಸ್ಟಿಮೇಟ್ ಕಾರಿನ ಮಾರ್ಕೆಟ್ ಬೆಲೆಗಿಂತ ಜಾಸ್ತಿ. ಯಾವ ಅಕೌಂಟೆಂಟ್ ಆದ್ರೂ ಹೇಳೋದು ಒಂದೇ, ಗುಜರಿಗೆ ಹಾಕು. ಅಕ್ಕ ಬೇರೆಯವರಿಗೂ ಅದನ್ನೇ ಹೇಳ್ತಿದ್ರೇನೋ. ಒಂದು ತಿಂಗಳು ಕಾರು ನಿಂತಲ್ಲೇ ನಿಂತಿತ್ತು. ಆ ವರ್ಷ ಊರಿಗೆ ಬರೋಕೆ ಅಂತ ಎತ್ತಿಟ್ಟ ದುಡ್ಡಿತ್ತು, ಅದರಿಂದ ವೆಲ್ಡಿಂಗ್ ಮಾಡಿಸಿದ್ರು. ಯುಗಾದಿಗೆ ಬರ್ತೀನಿ ಅಂದೋರು ಬರಲಿಲ್ಲ. ಅವರಮ್ಮ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಇದು ಸರಿನಾ? ನನಗೆ ಕೇಳಿದರೆ, ಊರಿಗೆ ಬರಬೇಕಿತ್ತು. ಅಕ್ಕನಿಗೂ ಹಾಗೇ ಹೇಳಿದೆ. ಅವರು ವಾದ ಮಾಡಲಿಲ್ಲ. "ಲೆಕ್ಕ ನಂಗೂ ಬರುತ್ತೆ ಕಣೋ. ಇದನ್ನ ಆಸ್ತಿ ಅಂತ ತಂದಿದ್ರೆ ಮಾರ್ತಿದ್ದೆ" ಅಂದ್ರು ಅಷ್ಟೇ. ಮುಂದಿನ ಬೇಸಿಗೆಯಲ್ಲಿ ಅಮ್ಮನನ್ನೇ ಅಲ್ಲಿಗೆ ಕರೆಸಿಕೊಂಡ್ರು. ಸೀರೆ ಮೇಲೆ ಸ್ವೆಟರ್, ತಲೆಗೆ ಸ್ಕಾರ್ಫ್ ಕಟ್ಟಿ ಪಕ್ಕದ ಸೀಟಿನಲ್ಲಿ ಕೂತ ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬಂತು. ಅಪ್ಪ ಟ್ರೇನಲ್ಲಿ ಬಂದ್ರಂತೆ.

ಇಂಥ ಜನ ಎಷ್ಟು ಇದ್ದಾರೆ ಅಂದ್ರೆ ಕಂಪನಿಯೇ ಲೆಕ್ಕಕ್ಕೆ ತಗೋಬೇಕಾಯ್ತು. 2017ರಲ್ಲಿ ಮಜ್ದಾ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳನ್ನ ತಾನೇ ರಿಪೇರಿ ಮಾಡಿ ಹೊಸದರಂತೆ ಮಾಡಿಕೊಡೋ ಯೋಜನೆ ಶುರುಮಾಡ್ತು. ಏನು ಬೇಕು ಅಂತ ಮಾಲೀಕರನ್ನೇ ಕೇಳಿ, ನಿಂತುಹೋಗಿದ್ದ ಬಿಡಿಭಾಗಗಳನ್ನ ಮತ್ತೆ ತಯಾರಿಸ್ತು. ಬಟ್ಟೆಯ ಹುಡ್, ಮರದ ಸ್ಟೀರಿಂಗ್, ಕೊನೆಗೆ ಹಳೇ ಡಿಸೈನಿನ 14 ಇಂಚಿನ ಟೈರ್ ಕೂಡ. ಮೂವತ್ತು ವರ್ಷ ಹಳೇ ಫೋನಿಗೆ ಬ್ಯಾಟರಿ ಮಾಡಿಕೊಡೋ ಕಂಪನಿ ಯಾವುದಾದ್ರೂ ಇದ್ಯಾ, ಯೋಚಿಸಿ.

ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು, ಗೊತ್ತಿರೋರು ಕಮ್ಮಿ. ಸ್ಯಾನ್ ಸ್ಟಾರ್ಮ್ ಅಂತ, ಗೋವಾದಲ್ಲಿ ಮಾಡ್ತಿದ್ರು. ಫೈಬರ್ ಬಾಡಿ, ಎರಡು ಸೀಟು, ರೆನೋ ಕಂಪನಿಯ 1.2 ಲೀಟರ್ ಎಂಜಿನ್, 60 ಎಚ್‌ಪಿ. ಹೆಚ್ಚು ಮಾರಾಟ ಆಗಲಿಲ್ಲ. ಬಿಸಿಲು, ಧೂಳು, ಹಂಪು, ಮನೆಯಲ್ಲಿ ಐದು ಜನ, ಯಾರು ತಗೋತಾರೆ?

ಮಿಯಾಟಾ ಮಾಲೀಕರಿಗೆ ಈಗ ಭಯ ಇರೋದು ತುಕ್ಕಿನದ್ದಲ್ಲ, ಬ್ಯಾಟರಿಯದ್ದು. 2015ರಲ್ಲಿ ಬಂದಾಗ ನಾಲ್ಕನೇ ತಲೆಮಾರಿನ ಬೇಸ್ ಮಾಡೆಲ್ ಜಪಾನಿನಲ್ಲಿ 990 ಕೆಜಿ ಇತ್ತು. ಏರ್‌ಬ್ಯಾಗ್, ಹೊಸ ಸುರಕ್ಷತಾ ನಿಯಮ ಎಲ್ಲ ಬಂದ ಮೇಲೂ, 26 ವರ್ಷ ಆದ ಮೇಲೂ ಒಂದು ಟನ್ ದಾಟಲಿಲ್ಲ. 2023ರಲ್ಲಿ ಟೋಕಿಯೋದಲ್ಲಿ ಮಜ್ದಾ ಐಕಾನಿಕ್ ಎಸ್‌ಪಿ ಅಂತ ಒಂದು ಕಾನ್ಸೆಪ್ಟ್ ತೋರಿಸ್ತು. ನೋಡೋಕೆ ಸಖತ್ತಾಗಿದೆ, 370 ಎಚ್‌ಪಿ ಹತ್ತಿರ, ಕರೆಂಟಿನಲ್ಲಿ ಓಡುತ್ತೆ, ಏಳೋ ಹೆಡ್‌ಲೈಟ್ ನೆನಪಿಸೋ ಲೈಟೂ ಇವೆ. ತೂಕ 1,450 ಕೆಜಿ. ಫೋಟೋ ನೋಡಿ ನಾನು ಖುಷಿಯಿಂದ ಅಕ್ಕನಿಗೆ ಫಾರ್ವರ್ಡ್ ಮಾಡಿದೆ. ಉತ್ತರವಾಗಿ ಬಂದದ್ದು ಆ ತೂಕದ ಸ್ಕ್ರೀನ್‌ಶಾಟ್, ಸುತ್ತ ಕೆಂಪು ಗೆರೆ ಎಳೆದು.

ನಿಮ್ಮ ಮನೆಯಲ್ಲಿ ಯಾರಾದ್ರೂ ಗುಜರಿಗೆ ಹಾಕೋಕೆ ಒಪ್ಪದ ಗಾಡಿ ಇದ್ರೆ, ಸ್ಕೂಟರ್ ಆದ್ರೂ ಸರಿ, ಅದರ ಕಥೆ ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷ ಮೀರದಿರಲಿ ದಯವಿಟ್ಟು. ಮುಂದಿನ ವಾರ ಸಿಗೋಣ.